ಒಮ್ಮೆ ಹೇಳಿದ ಹೆಸರು

ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಒಂದು ಪೊಟ್ಟಣ ಬಿಚ್ಚಿದಳು. ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ವಾಸನೆ. ಅಂಗನವಾಡಿ ಟೀಚರ್ ನೆನಪಾದರು... ನನ್ನ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಅವರು ಸಂಸೆ ಎಂಬ ಊರಿನವರು. ಆಟಿಸಂ ಇರುವ ಮಕ್ಕಳಿಗೆ ಬೇರೆ ಬೇರೆ ಕೆಲಸದವರು ಒಟ್ಟಾಗಿ ನೆರವಾಗುವುದು ಹೇಗೆಂದು ಕಲಿಸುವ ತರಬೇತಿ ಆಗ ಮೂಡಿಗೆರೆಯಲ್ಲಿ ತಿಂಗಳಿಗೊಮ್ಮೆ ನಡೆಯುತ್ತಿತ್ತು. ಮಕ್ಕಳ ಡಾಕ್ಟರು, ಮನಃಶಾಸ್ತ್ರಜ್ಞೆ, ಫಿಸಿಯೋಥೆರಪಿಸ್ಟ್, ಮಾತು ಕಲಿಸುವ ನಾನು. ಕರೆತಂದ ಮಕ್ಕಳನ್ನು ನೋಡಿ, ನಾಲ್ವರೂ ಸಹಿ ಹಾಕಿ ವರದಿ ಕೊಡುತ್ತಿದ್ದೆವು. ಒಟ್ಟಾಗಿ ಎಂಬುದು ಬ್ಯಾನರಿನಲ್ಲಿ ಮಾತ್ರ. ಒಳಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆ. ಟೀಚರ್ ಕಲಿಯಲೆಂದು ಮೊದಲ ಬಸ್ಸಿಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಏನೂ ಬರೆದುಕೊಳ್ಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಕಾಫಿ ಹೊತ್ತಿಗೆ ಚೀಲದಿಂದ ಹಲಸಿನ ಬೀಜ ತೆಗೆದು ನನ್ನ ಕೈಗೆ ಹಾಕುತ್ತಿದ್ದರು. ಊರಿಗೆ ಹೊಸಬಳಾಗಿದ್ದ ನನಗೆ ಅಷ್ಟು ಸಲಿಗೆಯಿಂದ ಏನನ್ನಾದರೂ ಕೊಟ್ಟವರು ಅವರೊಬ್ಬರೇ.

ಒಂದು ಸಲ ತಮ್ಮ ಅಂಗನವಾಡಿಯ ಹುಡುಗಿಯನ್ನು ಕರೆತಂದರು. ಆರು ವರ್ಷ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆಂದು ನಮ್ಮ ವರದಿಯಲ್ಲಿದ್ದರೆ ಊರ ಶಾಲೆಗೇ ಸೇರಿಸಿಕೊಳ್ಳುತ್ತೇನೆ ಎಂದು ಹೆಡ್ ಮಾಸ್ಟರು ಹೇಳಿದ್ದರಂತೆ. ಇಲ್ಲದಿದ್ದರೆ ಅಪ್ಪ ಅಮ್ಮನನ್ನು ಬಿಟ್ಟು ಇಂಥ ಮಕ್ಕಳಿಗೆಂದೇ ಇರುವ ದೂರದ ಹಾಸ್ಟೆಲಿಗೆ.

ಡಾಕ್ಟರು ಫೈಲಿನಿಂದ ತಲೆ ಎತ್ತದೆ "ಹೆಸರೇನಮ್ಮ?" ಎಂದರು. ಹುಡುಗಿ ಕಿಟಕಿಯ ಕಡೆ ತಿರುಗಿ, ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಮನಃಶಾಸ್ತ್ರಜ್ಞೆ ಹತ್ತಿರ ಬಂದು ಅದನ್ನೇ ಕೇಳಿದರು. ಆಮೇಲೆ ಫಿಸಿಯೋಥೆರಪಿಸ್ಟ್. ಆಮೇಲೆ ನಾನು, ನನ್ನ ಫಾರಂನಲ್ಲೂ ಮೊದಲ ಪ್ರಶ್ನೆ ಅದೇ ಆಗಿತ್ತು. ಅಷ್ಟು ಹೊತ್ತಿಗೆ ಅವಳು ಮೇಜಿನ ಕೆಳಗೆ ಸೇರಿ ಕಿವಿ ಮುಚ್ಚಿಕೊಂಡಿದ್ದಳು. ಹೆಸರು ಕೇಳಿದರೆ ಉತ್ತರವಿಲ್ಲ ಎಂದು ವರದಿ ತಯಾರಾಯಿತು.

ಟೀಚರ್ ನನ್ನನ್ನು ವರಾಂಡಕ್ಕೆ ಕರೆದರು.

"ಅದು ಮೊದ್ಲೇ ಹೇಳಿತ್ತಲ್ಲ ಮೇಡಂ. ನೀವೆಲ್ಲ ತಿರ್ಗಾ ತಿರ್ಗಾ ಕೇಳಿದ್ರಿ. ತಾನು ಹೇಳಿದ್ದು ತಪ್ಪು ಅಂತ ತಿಳ್ಕೊಂಡಿತು, ಪಾಪ. ನಿಮ್ಗೂ ಕೇಳಿಸ್ತು ಅಲ್ವಾ?"

"ಮುಂದಿನ ತಿಂಗಳು ಇನ್ನೊಂದು ಸಲ ಕರ್ಕೊಂಡು ಬನ್ನಿ, ನೋಡೋಣ" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನನಗೆ ಕೇಳಿಸಿತ್ತು. ಆದರೆ ಮೂವರು ಸಹಿ ಹಾಕಿಯಾಗಿತ್ತು, ನಾನು ಎಲ್ಲರಿಗಿಂತ ಕಿರಿಯಳು. ಹೆದರಿದೆ. ಒಳಗೆ ಹೋಗಿ ನಾಲ್ಕನೆಯ ಸಹಿ ಹಾಕಿದೆ.

ಮುಂದಿನ ತಿಂಗಳು ಟೀಚರ್ ಒಬ್ಬರೇ ಬಂದರು. ಹುಡುಗಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದಾಗಿತ್ತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು... ಎಂದಿನಂತೆ ಹಲಸಿನ ಬೀಜ ಕೊಟ್ಟು "ತಿನ್ನಿ ಮೇಡಂ" ಅಂದರು. ಅದರ ಮುಂದಿನ ತಿಂಗಳಿಂದ ಬರುವುದನ್ನೇ ಬಿಟ್ಟರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರಂತೆ. ಎಷ್ಟೋ ದಿನದ ಮೇಲೆ, ಜೀಪಿನಲ್ಲಿ ಯಾರೋ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದು ತಿಳಿಯಿತು. ಜೊತೆಯವರೆಲ್ಲ ವರ್ಗವಾಗಿ ಹೋಗಿದ್ದಾರೆ. ಈಗ ತರಬೇತಿ ಕೊಡುವವಳು ನಾನು. ಮಗುವಿನ ಹತ್ತಿರ ಒಬ್ಬರೇ ಮಾತಾಡಿ, ಉಳಿದವರು ಕೇಳಿಸಿಕೊಳ್ಳಿ ಎನ್ನುತ್ತೇನೆ. ಒಳ್ಳೆಯ ವಿಧಾನವೆಂದು ಬರೆದುಕೊಳ್ಳುತ್ತಾರೆ. ಟೀಚರ್ ಒಬ್ಬರಿಂದ ಕಲಿತೆ ಎಂದಷ್ಟೇ ಹೇಳುತ್ತೇನೆ, ಹೇಗೆ ಕಲಿತೆ ಎಂದು ಈತನಕ ಯಾರಿಗೂ ಹೇಳಿಲ್ಲ.

ಆ ದಿನ ಆ ಮಗು ತನ್ನ ಹೆಸರು ಹೇಳಿದ್ದನ್ನು ಕೇಳಿಸಿಕೊಂಡವರು ನಾವಿಬ್ಬರು. ಈಗ ನಾನೊಬ್ಬಳೇ.