ಏರಿಯ ಬುಡದ ಮಣ್ಣು

ನನ್ನ ಬೆಲ್ಲದ ಮಂಡಿಯ ಮೇಜಿನ ಮೇಲೆ, ಕಾಗದ ಹಾರದಿರಲೆಂದು ಇಟ್ಟಿರುವ ಈ ಒಣಮಣ್ಣಿನ ಹೆಂಟೆಗೆ ನಾನು ತೆತ್ತ ಬೆಲೆ, ಯುದ್ಧಕಾಲದಲ್ಲಿ ದುರ್ಲಭವಾಗಿ ದೊರೆತ ಒಂದು ಜೊತೆ ಹೊಸ ಮೆಟ್ಟು ಮತ್ತು ಇಡೀ ಬೇಸಿಗೆಯ ನನ್ನ ಎತ್ತುಗಳ ದುಡಿಮೆ. ಚೌಕಾಸಿಗೆ ಮಳವಳ್ಳಿ ಸಂತೆಯಲ್ಲಿ ಹೆಸರಾದವನು ಮಣ್ಣಿಗೆ ಇಷ್ಟು ಕೊಟ್ಟನೇ ಎಂದು ನಗುವವರು ನಗಲಿ. ಇನ್ನೊಮ್ಮೆ ಕೇಳಿದರೂ ಇಷ್ಟೇ ಕೊಡುತ್ತೇನೆ.

ಪೂರಿಗಾಲಿಯ ಕಡೆ, ಒಂದು ಕೆರೆಯ ಕೆಳಗೆ, ತಲೆಯ ಮೇಲೆ ಮೂಟೆ ಹೊತ್ತು ಸಂಪಾದಿಸಿದ ನನ್ನ ಗದ್ದೆಯಿದೆ. ಆ ಕೆರೆಯ ಏರಿ ವರ್ಷವರ್ಷವೂ ಒಳಮೈಯಲ್ಲಿ, ನೀರಿನಡಿಯಲ್ಲಿ, ಅಗೋಚರವಾಗಿ ಜಾರುತ್ತಿತ್ತು; ಊರವರು ಅದರ ನೆತ್ತಿಗೆ ಮಣ್ಣು ಸುರಿದು, ಹೊಟ್ಟೆನೋವಿಗೆ ತಲೆಗೆ ಎಣ್ಣೆ ತಿಕ್ಕಿದವರಂತೆ ನೆಮ್ಮದಿಯಾಗಿರುತ್ತಿದ್ದರು. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ನನ್ನ ಗದ್ದೆ. ಆಮೇಲೆ ಪಕ್ಕದ ಬೋರೇಗೌಡನದು.

ಕಾರಣ ಬೇಸಿಗೆಯಲ್ಲಿ ಕಣ್ಣಿಗೆ ಬಿತ್ತು. ಕೆರೆ ಬತ್ತಿದಾಗ ಅದರ ಹೂಳನ್ನು, ಅಂದರೆ ಗೋಡನ್ನು, ಗೊಬ್ಬರವಾಗಿ ಹೊಲಕ್ಕೆ ಹೊಡೆಯುವುದು ನಮ್ಮ ವಾಡಿಕೆ. ನಡುಗೆರೆಯವರೆಗೆ ಹೋಗುವ ಶ್ರಮವೇಕೆಂದು ಎಲ್ಲರೂ ಏರಿಯ ಬುಡದಲ್ಲೇ ಅಗೆಯುತ್ತಿದ್ದರು. ಅಗೆದ ಗುಂಡಿಯ ಪಕ್ಕೆಯಲ್ಲಿ ಪಟ್ಟೆಗಳಿದ್ದವು: ಕೆಳಗೆ ಒರಟು ಕಲ್ಲುಮಣ್ಣಿನ ಗರಸು, ಮೇಲೆ ನುಣುಪು ಜೇಡಿ, ಮತ್ತೆ ಗರಸು, ಮತ್ತೆ ಜೇಡಿ. ಗರಸು ಕೆರೆಯದಲ್ಲ, ಏರಿಯದು. ಒಂದೊಂದು ಕುಸಿತವೂ ಭಾರವಾದುದನ್ನು ಮೊದಲು ಕೆಡವಿ, ಹಗುರವಾದುದನ್ನು ಸಾವಕಾಶವಾಗಿ ಹೊದಿಸಿತ್ತು. ಬಿರುಕುಬಿಟ್ಟ ಕಡಲತಳದ ಇಳಿಜಾರುಗಳೂ ಹೀಗೆಯೇ ಜಾರಿ ಪದರಪದರವಾಗಿ ಶೇಖರಗೊಳ್ಳುತ್ತವೆಂದು ಭೂಗರ್ಭಶಾಸ್ತ್ರ ಓದಿದ ಗಿರಾಕಿಯೊಬ್ಬರು ಆಮೇಲೆ ಹೇಳಿದರು. ಅಲ್ಲಿಗೆ ಯಾರೂ ಗಾಡಿ ಹೊಡೆಯುವುದಿಲ್ಲ, ಕಡಲಿನ ಪುಣ್ಯ!

ಮರುದಿನ ಗಾಡಿಗಳಿಗೆ ಅಡ್ಡವಾಗಿ, ಇನ್ನೂ ಹಸಿಯಾಗಿದ್ದ ಗುಂಡಿಗೆ ಹೊಸ ಮೆಟ್ಟಿನಲ್ಲೇ ಇಳಿದು ನಿಂತೆ. ಮೊದಲ ಗಾಡಿ ಬೋರೇಗೌಡನದೇ.

“ಏನ್ ಸೌಕಾರ್ರೇ, ಕೆರೇನೂ ನಿಮ್ಮೆಸ್ರಿಗೆ ಬರುಸ್ಕೊಂಡ್ರಾ? ದಾರಿ ಬುಡಿ!”

“ಬುಡಕಿಲ್ಲ ಕಣ್ಲಾ ಬೋರ. ಏರಿ ಕಾಲ್ನೇ ಕಡೀತಾ ಇದ್ದೀಯ. ನಡುಗೆರೆಗೆ ಓಗು.”

“ಅಷ್ಟ್ ದೂರದಿಂದ ಎಳ್ಯಕ್ಕೆ ನನ್ನೆತ್ಗೆ ಉಸ್ರಿಲ್ಲ. ನಿಮ್ಮೆತ್ತು ಕೊಟ್ಟೀರಾ?”

“ಕೊಟ್ಟೆ, ಓಗು!”

ಹಾಸ್ಯಕ್ಕೆ ಕೇಳಿದವನು ಗಾಡಿಯನ್ನು ನಡುಗೆರೆಯತ್ತ ತಿರುಗಿಸಿದ. ಆ ಬೇಸಿಗೆಯೆಲ್ಲ ನನ್ನ ಜೋಡಿ ಊರವರ ಗೋಡು ಎಳೆಯಿತು. ಮೆಟ್ಟು ಮಾತ್ರ ಕೆಸರಿನಿಂದ ಮೇಲೇಳಲಿಲ್ಲ. ಮುಂದೆಂದಾದರೂ ಅಗೆದವರು ಎರಡು ಪಟ್ಟೆಗಳ ನಡುವೆ ಒಬ್ಬ ಹಟಮಾರಿಯ ಯುಗವನ್ನು ಕಂಡಾರು.

ಮಳೆಗಾಲದಲ್ಲಿ ಕೆರೆ ತುಂಬಿತು, ಏರಿ ನಿಂತಿತು. ಮರುಬೇಸಿಗೆಯಲ್ಲಿ ಅದರ ಬುಡದಿಂದ ತಂದದ್ದೇ ಈ ಹೆಂಟೆ: ಹೊಸ ಜೇಡಿ, ಹುಡುಕಿದರೂ ಗರಸಿಲ್ಲ.

ಕೆರೆಯ ಕೆಳಗೆ ಗದ್ದೆ ಕೊಳ್ಳುವವರೇ, ತುಂಬಿದ ನೀರಿನ ಸೊಬಗಿಗೆ ಮರುಳಾಗಿ ಮುಂಗಡ ಕೊಡಬೇಡಿ. ಬೇಸಿಗೆಯಲ್ಲಿ ಹೋಗಿ, ಏರಿಯ ಬುಡ ನೋಡಿ, ಆಮೇಲೆ ಬೆಲೆ ಮಾತಾಡಿ. ಹೋಗುವಾಗ ಹಳೆಯ ಮೆಟ್ಟು ಮೆಟ್ಟಿಕೊಂಡು ಹೋಗಿ.