ಅಣ್ಣನ ತಲೆಯ ಫೋಟೊ

ಹೈದರಾಬಾದಿನ ಡಾಕ್ಟರು ಎರಡು ಮಾತು ಹೇಳಿದ್ದರು. ನಾನು ಮನೆಗೆ ತಂದದ್ದು ಒಂದೇ ಮಾತು. ಇನ್ನೊಂದನ್ನು ಆರು ವರ್ಷ ಬಾಯಿ ಬಿಡದೆ ಇಟ್ಟುಕೊಂಡೆ. ಅಣ್ಣ ಈಗ ಇಲ್ಲ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಅವನ ಬಗ್ಗೆ ಬರೆಯದೆ ಇರಲಾರೆ.

ಅಣ್ಣನ ಬಲ ಹೆಬ್ಬೆರಳು ಕತ್ತರಿಯ ಹಿಡಿಯಲ್ಲಿ ಕೂತು ಕೂತು ಒಂದು ಕಡೆ ಚಪ್ಪಟೆಯಾಗಿತ್ತು. ಕೊರಳಲ್ಲಿ ಸದಾ ಟೇಪು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, "ಅದನ್ನೂ ಪುಂಡಿಪಲ್ಯದಾಗ ಅದ್ದಿಕೊಂಡು ತಿನ್ರಿ" ಎಂದು ಬಯ್ಯುತ್ತಿದ್ದರು. ಸೇಡಂ ಬಜಾರಿನಲ್ಲಿ ನಮ್ಮ ಹೊಲಿಗೆ ಅಂಗಡಿ. ಕತ್ತರಿಸುವುದು ಅವನ ಕೆಲಸ, ಕಾಜ-ಗುಂಡಿ ನನ್ನದು.

ಅಳತೆಯನ್ನು ಅವನು ಎಂದೂ ಬರೆದಿಟ್ಟವನಲ್ಲ. ಹೋದ ವರ್ಷ ಅಂಗಿ ಹೊಲಿಸಿದವನು ರಸ್ತೆಯಲ್ಲಿ ಹಾದುಹೋದರೆ ಕೂತಲ್ಲಿಂದಲೇ, "ಇವ ಒಂದಿಂಚು ಇಳದಾನ ನೋಡು, ಮನ್ಯಾಗ ಏನೋ ಚಿಂತಿ ಅದ" ಎನ್ನುತ್ತಿದ್ದ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಡುವ ಸಾಹುಕಾರರಿಗೆ, "ಉಸುರು ಬಿಡ್ರಿ ಸಾವ್ಕಾರ್ರ, ಅಂಗಿ ನಿಮಗ ಹೊಲೀಬೇಕು, ನಿಮ್ಮ ಸುಳ್ಳಿಗಲ್ಲ" ಎನ್ನುತ್ತಿದ್ದ. ಸಾಹುಕಾರರೂ ನಗುತ್ತಿದ್ದರು. ನನಗೆ ಕೆಲಸ ಕಲಿಸುವಾಗ ಹೇಳುತ್ತಿದ್ದ: "ಯಾರ ಎರಡೂ ಭುಜ ಸಮ ಇರಂಗಿಲ್ಲೋ ತಮ್ಮಾ. ಸಮ ಹೊಲದಿ ಅಂದ್ರ ಅಂಗಿ ಸೊಟ್ಟ ಕಾಣ್ತದ."

ಒಂದು ಸಂಜೆ ನಮ್ಮ ತಾಲೂಕಿನದೇ ಆದ ಮುಧೋಳದಿಂದ ಬಟ್ಟೆಗಂಟು ಕಟ್ಟಿಕೊಂಡು ಸೈಕಲ್ ಮೇಲೆ ಬರುವಾಗ ಎಮ್ಮೆ ಅಡ್ಡ ಬಂತು. ಅಣ್ಣ ಬಿದ್ದ. ತಲೆ ಸೇತುವೆಯ ಕಲ್ಲಿಗೆ ಬಡಿಯಿತು. ಎರಡು ದಿನ ಎಚ್ಚರ ತಪ್ಪಿದ್ದ. ಆಮೇಲೆ ಗಾಯ ಮಾಯಿತು, ಅದರ ಮೇಲೆ ಕೂದಲೂ ಬಂತು. ಊರಿನವರು ವಾಸಿಯಾಯಿತು ಅಂದರು, ನಾವೂ ಅಂದುಕೊಂಡೆವು.

ಬೆಳಿಗ್ಗೆ ಅವನು ಹಳೆಯ ಅಣ್ಣನೇ. ಅದೇ ಕೈ, ಅದೇ ಚೇಷ್ಟೆ. ಹನ್ನೊಂದು ಗಂಟೆ ದಾಟಿತೆಂದರೆ ಸೀಮೆಸುಣ್ಣ ಹಿಡಿದು ಬಟ್ಟೆಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಎದುರಿನ ಹೋಟೆಲಿನ ರೇಡಿಯೊ ಸದ್ದು ಅವನಿಗೆ ತಡೆಯಲಾಗುತ್ತಿರಲಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಮುಖ ಬಿಳಿಚಿಕೊಳ್ಳುತ್ತಿತ್ತು.

"ನಿದ್ದಿ ಬಂತೇನು?" ಎಂದು ನಾನು ಕೇಳಿದರೆ, "ನಿದ್ದಿ ಅಲ್ಲೋ. ಲೈಟ್ ಅದ, ವೋಲ್ಟೇಜ್ ಇಲ್ಲ" ಎನ್ನುತ್ತಿದ್ದ.

ಒಂದು ವರ್ಷವಾದರೂ ಹಾಗೇ ಇತ್ತು. ಅಷ್ಟರಲ್ಲಿ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಕೊಡಿಸುವುದಾಗಿ ಗೆಳೆಯನೊಬ್ಬ ಹೇಳಿದ್ದ. ನನಗೂ ಕಾಜ ಹಾಕಿ ಸಾಕಾಗಿತ್ತು. ಅಪ್ಪ ಮಾತ್ರ, "ಅಣ್ಣನ ತಬ್ಯತ್ ನೆಟ್ಟಗಾಗೋತನಕ ಅಂಗಡಿ ಬಿಟ್ಟು ಎಲ್ಲಿಗೂ ಹೋಗಬ್ಯಾಡ" ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದ.

ತಲೆಯ ಒಳಗಿನ ಫೋಟೊ ತೆಗೆಯುವ ಯಂತ್ರ ಆಗ ಹೊಸದು, ಅದಕ್ಕೆ ಹೈದರಾಬಾದಿಗೇ ಹೋಗಬೇಕಿತ್ತು. ಅಣ್ಣನನ್ನು ರೈಲಿನಲ್ಲಿ ಕರೆದುಕೊಂಡು ಹೋದೆ. ಆಸ್ಪತ್ರೆಯ ಗದ್ದಲಕ್ಕೇ ಅವನು ಸೋತುಹೋದ. ಫೋಟೊ ಮುಗಿಸಿ ಬಂದವನು ಹೊರಗಿನ ಬೆಂಚಿನ ಮೇಲೆ ಒರಗಿದ, ಹಾಗೇ ಮಲಗಿಬಿಟ್ಟ. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಕರಿ ಹಾಳೆಯನ್ನು ಬೆಳಕಿಗೆ ಹಿಡಿದು ಉರ್ದುವಿನಲ್ಲಿ ಹೇಳಿದರು: "ಇದರಲ್ಲಿ ಏನೂ ಕಾಣುವುದಿಲ್ಲ. ರಕ್ತ ಕಟ್ಟಿಲ್ಲ, ಗಡ್ಡೆ ಇಲ್ಲ."

ನಾನು ಎದ್ದೆ. ಅವರು ಕೂರಲು ಹೇಳಿದರು. "ಈ ಯಂತ್ರ ಗಾಯ ತೋರಿಸುತ್ತದೆ, ದಣಿವು ತೋರಿಸುವುದಿಲ್ಲ. ಪೆಟ್ಟು ಬಿದ್ದ ತಲೆ ಬೇಗ ದಣಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ. ಅರ್ಧ ದಿನ ಕೆಲಸ, ಅರ್ಧ ದಿನ ವಿಶ್ರಾಂತಿ ಕೊಡಿ. ಸೋಗು ಹಾಕುತ್ತಾನೆ ಅಂತ ಮನೆಯಲ್ಲಿ ಯಾರೂ ಅನ್ನಬಾರದು."

ತಾಂಡೂರು ದಾಟುವವರೆಗೂ ಹೇಳಬೇಕೆಂದೇ ಇದ್ದೆ. ಸೇಡಂನಲ್ಲಿ ಇಳಿದು ಮನೆಗೆ ಬಂದವನು, "ಫೋಟೊ ಸಾಫ್ ಅದ, ಏನೂ ಇಲ್ಲಂತ" ಅಂದುಬಿಟ್ಟೆ.

"ಫೋಟೊದಾಗ ಇಲ್ಲಂದ್ರ ಮತ್ತೆಲ್ಲಿ ಅದ? ಮೈಗಳ್ಳತನ" ಎಂದ ಅಪ್ಪ.

ಅಣ್ಣ ಕರಿ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಹಂಗಾದ್ರ ನಾನೇ ಸೋಗು ಹಾಕಾಕತ್ತೀನೇನೋ ತಮ್ಮಾ?" ಎಂದು ಕೇಳಿದ.

"ಮನಸು ಗಟ್ಟಿ ಮಾಡು" ಅಂದೆ. ಆ ತಿಂಗಳೇ ವಾಡಿಗೆ ಹೋದೆ.

ಅವನು ನನ್ನ ಮಾತು ನಂಬಿದ. ದಿನವಿಡೀ ಅಂಗಡಿಯಲ್ಲಿ ಕೂರತೊಡಗಿದ. ಎಂದೂ ಬರೆಯದವನು ಅಳತೆಗೆ ವಹಿ ಇಟ್ಟ. ಸುಲೇಪೇಟದ ಮದುಮಗನೊಬ್ಬನ ಕೋಟಿಗೆ ಎರಡೂ ಎಡಗೈ ತೋಳೇ ಕತ್ತರಿಸಿದ. "ಏನ್ ಮಾಸ್ತರ್ರ, ನಮ್ಮ ಹುಡುಗ ತಾಳಿನೂ ಎಡಗೈಲೇ ಕಟ್ಟಬೇಕೇನು?" ಎಂದು ಮದುಮಗನ ಕಡೆಯವರು ಬಜಾರಿಗೆಲ್ಲ ಕೇಳುವಂತೆ ನಕ್ಕರಂತೆ. ಆಮೇಲೆ ಕೋಟು, ಪ್ಯಾಂಟು ಯಾರೂ ಕೊಡಲಿಲ್ಲ. ತಲೆದಿಂಬಿನ ಚೀಲ, ಮಕ್ಕಳ ಚಡ್ಡಿ ಉಳಿದವು.

ನಾನು ಹಬ್ಬಕ್ಕೆ ಬರುತ್ತಿದ್ದೆ, ಹೋಗುತ್ತಿದ್ದೆ. ಆರನೇ ವರ್ಷ ಹೀಗೆ ಬಂದಾಗ ವೈನಿ ಬಟ್ಟೆ ಒಗೆಯುತ್ತಾ ಅಣ್ಣನ ಧೋತರವನ್ನು ನನ್ನ ಮುಂದೆ ಹಿಡಿದರು. ತೊಡೆಯ ಜಾಗದಲ್ಲಿ ರಕ್ತದ ಸಣ್ಣ ಸಣ್ಣ ಚುಕ್ಕೆ.

"ಮಧ್ಯಾನದಾಗ ತಲಿ ಮಂಕಾದ್ರ ಸೂಜಿ ಚುಚ್ಚಿಕೊಂತಾರ. 'ಮೈಗಳ್ಳಗ ಇದೇ ಔಷಧ' ಅಂತಾರ. ನೀವರೆ ಒಂದು ಮಾತು ಹೇಳ್ರಿ. ನಿಮ್ಮ ಮಾತು ಭಾಳ ನಂಬ್ತಾರ."

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋದೆ. ಅವನ ತಲೆ ತಿಳಿಯಾಗಿರುವ ಹೊತ್ತು ಅದೇ.

"ಬಾ, ಕುಂದ್ರು. ಚಾ ತರಸ್ತೀನಿ" ಎಂದ.

ನಾನು ಕೂರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮಷೀನು ತುಳಿಯುತ್ತಿದ್ದ ಅವನ ಕಾಲು ನಿಂತಿತು.

"ಸಾವಕಾಶ ಹೇಳು. ಅವ್ರು ಹ್ಯಾಂಗ ಅಂದ್ರೋ ಹಂಗೇ ಹೇಳು."

ಮತ್ತೊಮ್ಮೆ ಹೇಳಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಅಂದ್ರ, ನಾ ಸೋಗು ಹಾಕಿಲ್ಲ?"

"ಇಲ್ಲಣ್ಣಾ. ನಿಂದು ಖರೇ ಇತ್ತು. ಅದು ನನಗ ಅವತ್ತೇ ಗೊತ್ತಿತ್ತು. ವಾಡಿಗಿ ಹೋಗೋ ಆಸಿಗಿ ಮುಚ್ಚಿಟ್ಟೆ. ತಪ್ಪಾಯ್ತಣ್ಣಾ, ಭಾಳ ದೊಡ್ಡ ತಪ್ಪಾಯ್ತು."