ಕಲ್ಪನಾಳ ಕಣ್ಣು

ತ್ಯಾವಣಿಗೆಯ ಆ ಮನೆಯ ಪಡಸಾಲೆಯಲ್ಲಿ ರುದ್ರಾಣಿ ಗೋಡೆಯ ಫೋಟೊಗೆ ಕೈ ಮುಗಿದು, "ಇವರು ಹೋಗಿ ಎಷ್ಟು ವರ್ಷ ಆತು ಅಜ್ಜಾರೇ?" ಎಂದು ಮೆಲ್ಲಗೆ ಕೇಳಿದಳು. ಆ ಮನೆಯ ಅಜ್ಜ ಉತ್ತರ ಹುಡುಕುವಷ್ಟರಲ್ಲಿ ಫೋಟೊದಲ್ಲಿದ್ದ ಹೆಂಗಸೇ ಮಜ್ಜಿಗೆಯ ಲೋಟ ಹಿಡಿದು ಒಳಗಿನಿಂದ ಬಂದರು.

"ಹಿತ್ತಲಿಗೆ ಹೋಗಿದ್ದೆ ಕಣವ್ವ," ಎಂದರು ಪುಷ್ಪಾವತಮ್ಮ. "ಬಂದೆ. ಕುಡಿ."

ತಪ್ಪು ಹುಡುಗಿಯದೊಂದೇ ಅಲ್ಲ. ಅಂಗನವಾಡಿಯಿಂದ ನಿವೃತ್ತರಾದ ದಿನ ಹಾಕಿದ ಗಂಧದ ಹಾರವನ್ನು ಎಲ್ಲಿಡುವುದೆಂದು ತೋಚದೆ ಪುಷ್ಪಾವತಮ್ಮ ತಮ್ಮ ಫೋಟೊಗೇ ತೊಡಿಸಿದ್ದರು. ಹಾರ, ಕೂತ ಭಂಗಿ, ನೆಟ್ಟ ನೋಟ. ರುದ್ರಾಣಿಯ ನೋಟ್‌ಬುಕ್ಕಿನ ಪ್ರಕಾರ ಈ ಮೂರೂ ಕೂಡಿದರೆ ಮನುಷ್ಯ ಸತ್ತ ಲೆಕ್ಕ.

ಚನ್ನಗಿರಿಯ ಕಾಲೇಜಿನಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ ತಪ್ಪಿಗೆ ಆ ಬೇಸಿಗೆಯಲ್ಲಿ ನಾನೂ ನನ್ನ ಸ್ಕೂಟಿಯೂ ಅವಳ ಸಂಶೋಧನೆಗೆ ದುಡಿಯುತ್ತಿದ್ದೆವು. ಅವಳು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದದ್ದು ಎಂ.ಎ., ಕಲಾ ಇತಿಹಾಸ ಮತ್ತು ದೃಶ್ಯ ಸಂಸ್ಕೃತಿ. ಕತ್ತಲಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವಳಪ್ಪ ಗುರುಬಸವರಾಜ್ ಗಿರಾಕಿಗಳು ಕೇಳಿದರೆ "ಹಿಸ್ಟರಿ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅಜ್ಜಿ ಕೊಲ್ಲಾಪುರಮ್ಮನಿಗೆ ಗೊತ್ತಿದ್ದ ಕಲೆ ಸೀರೆಯ ಮೇಲಿನ ಅರಿಶಿನದ್ದು. ಅದನ್ನು ತೆಗೆಯಲು ಎರಡು ವರ್ಷ ಯಾಕೆ ಬೇಕೆಂದು ಆಕೆಗೆ ಅರ್ಥವಾಗಿರಲಿಲ್ಲ. ನನಗಾದರೂ ಅರ್ಥವಾಗಿತ್ತೆ? ಕಾನ್ವೆಂಟಿನ ಸಿಸ್ಟರುಗಳು ನನಗೆ ಯಾರನ್ನೂ ದಿಟ್ಟಿಸಬಾರದೆಂದು ಕಲಿಸಿದ್ದರು. ಇವಳ ವಿಭಾಗದಲ್ಲಿ ದಿಟ್ಟಿಸಿದ್ದಕ್ಕೆ ಅಂಕ ಕೊಡುತ್ತಿದ್ದರು.

ಅವಳ ಗೈಡು ಸಂತೇಬೆನ್ನೂರಿನ ಪುಷ್ಕರಣಿಯ ಮೇಲೆ ಬರೆಯಲು ಹೇಳಿದ್ದರಂತೆ. ರುದ್ರಾಣಿ ಒಪ್ಪಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸತ್ತವರ ಫೋಟೊ.

ಅವಳ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೀಯಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ, ತಲೆ ವಾಲದಂತೆ ಬಟ್ಟೆ ಕಟ್ಟುತ್ತಾರೆ. ಆ ಭಾಗದಲ್ಲಿ ಸತ್ತವರೆಲ್ಲರೂ ವಿಭೂತಿಪುರುಷರೇ. ಮಣ್ಣಿಗಿಡುವ ಮೊದಲು ಫೋಟೊದವನು ಬಂದು ಒಂದು ಫೋಟೊ ಹಿಡಿಯುತ್ತಿದ್ದ. ಎಷ್ಟೋ ಜನರಿಗೆ ಜೀವಮಾನದ ಮೊದಲ ಫೋಟೊ ಅದೇ. ಮುಚ್ಚಿದ ಕಣ್ಣಿನ ಮುಖವನ್ನು ಗೋಡೆಗೆ ಹಾಕುವುದಕ್ಕೆ ಮನೆಯವರಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಪ್ರಿಂಟು ಹೊನ್ನಾಳಿಗೆ ಹೋಗುತ್ತಿತ್ತು. ಅಲ್ಲಿ ಜಂಪಣ್ಣ ಎಂಬವರು ಸಣ್ಣ ಕುಂಚದಲ್ಲಿ ಕಣ್ಣು ತೆರೆಸುತ್ತಿದ್ದರು.

ರುದ್ರಾಣಿಯ ಮನೆಯಲ್ಲಿಯೂ ಅಂಥದೊಂದು ಫೋಟೊ ಇತ್ತು. ಅವಳಿಗೆ ಹತ್ತು ತಿಂಗಳಾಗಿದ್ದಾಗ ಕಾಮಾಲೆಯಲ್ಲಿ ತೀರಿಕೊಂಡ ಅವಳ ತಾಯಿಯದು. ತಾಯಿಯ ಹೆಸರು ಕಲ್ಪನಾ. ಮಗಳ ಪಾಲಿಗೆ ಉಳಿದದ್ದೂ ಅಷ್ಟೇ. ಮದುವೆ ಮಠದ ಸಾಮೂಹಿಕ ವಿವಾಹದಲ್ಲಿ ಆಗಿತ್ತು. ಆ ದಿನದ ಫೋಟೊದಲ್ಲಿ ನಲವತ್ತು ಜೋಡಿಗಳ ನಡುವೆ ಕಲ್ಪನಾ ತೊಗರಿಕಾಳಿನಷ್ಟಿದ್ದಾಳೆ, ಅದೂ ತಲೆ ತಗ್ಗಿಸಿಕೊಂಡು. ಜಗಳೂರಿನ ತವರಿನಲ್ಲಿ ಕೇಳೋಣವೆಂದರೆ ಯಾರೂ ಉಳಿದಿಲ್ಲ. ಗೋಡೆಯ ಮೇಲಿನ ಫೋಟೊದಲ್ಲಿ ಸೆರಗು ತಲೆಯನ್ನು ಮುಚ್ಚಿದೆ, ವಿಭೂತಿ ಹಣೆಯನ್ನು ಮುಚ್ಚಿದೆ. ಎದ್ದು ಕಾಣುವುದು ಕಣ್ಣು: ದೊಡ್ಡವು, ಒದ್ದೆ ಒದ್ದೆ.

"ಅವ್ವನ ಕಣ್ಣೇ ಬಂದಾವೆ ನಿಂಗೆ," ಎಂದು ಕೊಲ್ಲಾಪುರಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದರು. ನೆಂಟರೂ ಫೋಟೊ ನೋಡಿ, ಇವಳನ್ನು ನೋಡಿ, ಹೌದು ಹೌದು ಎನ್ನುತ್ತಿದ್ದರು. ತಾಯಿಯಿಂದ ತನಗೆ ಬಂದದ್ದು ಇದೊಂದೇ ಎಂದು ರುದ್ರಾಣಿ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುತ್ತ ಬೆಳೆದವಳು. ಎಂ.ಎ.ಗೆ ಬಂದ ಮೇಲೆ, ಆ ಕಣ್ಣನ್ನು ಯಾರೋ ಕುಂಚದಿಂದ ಬರೆದದ್ದೆಂದು ಅವಳಿಗೆ ತಿಳಿಯಿತು. ಬರೆದವರು ಏನನ್ನು ನೋಡಿ ಬರೆದರು? ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಉಳಿದ ತೊಂಬತ್ತು ಪುಟ ವಿಶ್ವವಿದ್ಯಾಲಯಕ್ಕೆ.

ಫೋಟೊದ ಹಿಂದಿದ್ದ ಮೊಹರು ಹಿಡಿದು ಹೊನ್ನಾಳಿಗೆ ಹೋದೆವು. ಜಂಪಣ್ಣನವರಿಗೆ ಎಂಬತ್ತರ ಹತ್ತಿರ. ಒಂದು ಕಣ್ಣಿನ ಪೊರೆ ತೆಗೆಸಿ ಹಸಿರು ಬಟ್ಟೆ ಇಳಿಬಿಟ್ಟುಕೊಂಡಿದ್ದರು. ಅಂದಾಜಿನಲ್ಲಿ ಯಾರ ಕಣ್ಣನ್ನೂ ಬರೆದವರಲ್ಲವಂತೆ. ಸತ್ತವರ ಕಣ್ಣನ್ನೇ ಹೋಲುವ ಒಡಹುಟ್ಟಿದವರನ್ನೋ ಮಕ್ಕಳನ್ನೋ ಕರೆತರಲು ಹೇಳಿ, ಬೆಳಕಿಗೆ ಕೂರಿಸಿ, ನೋಡಿ ಬರೆಯುತ್ತಿದ್ದರು. ರುದ್ರಾಣಿ ಫೋಟೊವನ್ನು ಅವರ ತೊಡೆಯ ಮೇಲಿಟ್ಟಳು. ಅವರು ಒಂದೇ ಕಣ್ಣನ್ನು ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಇದು ನೆಪ್ಪೈತೆ," ಎಂದರು. "ನಿಮ್ಮಪ್ಪ, ನಿಮ್ಮಜ್ಜಿ ಬಂದಿದ್ರು. ತವರಿನೋರು ಯಾರೂ ಇರ್ಲಿಲ್ಲ. ಕಣ್ಣು ಹೆಂಗಿದ್ವು ಅಂತ ನಿಮ್ಮಪ್ಪನ್ನ ಕೇಳಿದೆ. 'ಹಳದಿ' ಅಂದ್ರು."

ರುದ್ರಾಣಿ ನೋಟ್‌ಬುಕ್ಕಿನಲ್ಲಿ 'ಹಳದಿ' ಎಂದು ಬರೆದುಕೊಂಡಳು.

"ಕಾಮಾಲೆ ಆಗಿತ್ತಂತಲ್ಲ. ಕಪ್ಪು ಬಿಳುಪು ಫೋಟೊಕ್ಕೆ ನಾನು ಹಳದಿ ಇಟ್ಕೊಂಡು ಏನ್ ಮಾಡ್ಲಿ? ಅಜ್ಜಿನ ಕೇಳಿದೆ. 'ನಮ್ ಸೊಸೆ ಒಂದಿನ ತಲೆ ಎತ್ತಿದೋಳಲ್ಲ ರೀ' ಅಂದ್ರು. ಹೊಗಳಿದ್ದು ಅದು. ಹೊಗಳಿಕೆ ನೋಡ್ಕೊಂಡು ಕಣ್ಣು ಬರೆಯಾಕೆ ಆಗಲ್ಲ."

"ಮತ್ತೆ ಯಾರದು ಬರೆದ್ರಿ?"

"ನಿಂದೇ ಕಣವ್ವ. ಅಜ್ಜಿ ಸೊಂಟದ ಮ್ಯಾಲಿದ್ದೆ. ಬೇರೆ ಯಾರದಾರ ಇತ್ತಾ ಅಲ್ಲಿ? ಒಂದೇ ಸಮ ಅಳ್ತಿದ್ದೆ. ಅದಕ್ಕೇ ವಸಿ ನೀರು ಕಾಣ್ತೈತೆ."

ಆ ನೀರಿನ ಮೇಲೆ ರುದ್ರಾಣಿ ಆಗಲೇ ಎರಡು ಪುಟ ಬರೆದಿದ್ದಳು. ಗ್ರಾಮೀಣ ಸ್ತ್ರೀಯ ಮೌನ ವೇದನೆ ಎಂದೇನೋ. ನಾನೇ ಅದರ ಇಂಗ್ಲಿಷ್ ತಿದ್ದಿಕೊಟ್ಟಿದ್ದೆ. ಹತ್ತು ತಿಂಗಳ ಕೂಸಿಗೆ ಹಸಿವಾಗಿತ್ತು, ಅಷ್ಟೇ.

ಮನೆಗೆ ಬಂದು ಅಜ್ಜಿಯನ್ನು ಕೇಳಿದಳು. ಕೊಲ್ಲಾಪುರಮ್ಮ ಬತ್ತಿ ಹೊಸೆಯುತ್ತಿದ್ದರು. ಹೊನ್ನಾಳಿಗೆ ಹೋದದ್ದು ಅವರಿಗೆ ನೆನಪೇ ಇರಲಿಲ್ಲ. ಇಪ್ಪತ್ತಮೂರು ವರ್ಷ ದಿನಾ ದೀಪ ಹಚ್ಚಿ, ಅವರ ಪಾಲಿಗೆ ಸೊಸೆಯ ಕಣ್ಣು ಅವೇ ಆಗಿಬಿಟ್ಟಿದ್ದವು. "ಹಂಗೇ ಇದ್ವು ತಗಾ. ಫೋಟೊದಾಗೆ ಐತಲ್ಲ," ಎಂದರು. ಗುರುಬಸವರಾಜ್ ಅಂಗಿ ಹಾಕಿಕೊಂಡು ಅಂಗಡಿಗೆ ಹೋದರು. ಮೂರು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಹೆಂಡತಿಯ ಕಣ್ಣಿನ ವಿಷಯದಲ್ಲಿ ಗೊತ್ತಿದ್ದದ್ದು ಕೊನೆಯ ವಾರದ ಬಣ್ಣ ಮಾತ್ರ. ಆ ಮನೆಯಲ್ಲಿ ಫ್ರೇಮಿಗೆ ಕೊರತೆ ಇರಲಿಲ್ಲ, ಪ್ರೇಮದ ಮಾತು ಬೇರೆ.

ರುದ್ರಾಣಿ ಎರಡು ಪುಟ ಹೊಡೆದು ಹಾಕಿ, ಆ ಜಾಗದಲ್ಲಿ ಜಂಪಣ್ಣ ಹೇಳಿದ್ದನ್ನು ಹೇಳಿದಂತೆಯೇ ಬರೆದಳು. ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಳು. ತಲೆ ಬಾಚಿಕೊಳ್ಳಲು ಹಿತ್ತಲಿಗೆ ಹೋಗುತ್ತಾಳೆಂದು ಅಜ್ಜಿ ನನ್ನ ಹತ್ತಿರ ದೂರಿದರು.

ಮೌಖಿಕ ಪರೀಕ್ಷೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಒಳ್ಳೆಯವರು, ಓದಿಕೊಂಡವರು, ಪ್ರತಿ ಪ್ರಶ್ನೆಗೂ ಮೊದಲು ಕನ್ನಡಕ ತೆಗೆಯುವವರು. ಪರದೆಯ ಮೇಲೆ ಹದಿನೇಳನೆಯ ಚಿತ್ರ ಬಂತು. ಒಂದೂವರೆ ಆಳೆತ್ತರದ ಕಲ್ಪನಾ. ಕೆಳಗೆ ಮೈಕಿನ ಮುಂದೆ ಅದೇ ಕಣ್ಣಿನ ಹುಡುಗಿ. ಪರೀಕ್ಷಕರು ಕನ್ನಡಕ ತೆಗೆದರು. ಇಂಥ ಚಿತ್ರವನ್ನು ತಾವು ಕಂಡೇ ಇಲ್ಲ ಎಂದರು. ಇರುವಿಕೆ, ಇಲ್ಲದಿರುವಿಕೆ ಎಂದು ಸ್ವಲ್ಪ ಹೊತ್ತು ಮಾತಾಡಿದರು. ಅವರ ದನಿ ನಿಜವಾಗಿಯೂ ತೇವಗೊಂಡಿತ್ತು. ಕೊನೆಗೆ ಕೇಳಿದರು:

"ಈ ಕಣ್ಣು ನಿಮ್ಮದು. ಈ ನೋಟ ನಿಮ್ಮದು. ಹಾಗಾದರೆ ಈ ಚಿತ್ರದೊಳಗೆ ನಿಮ್ಮ ತಾಯಿ ಎಲ್ಲಿದ್ದಾರೆ, ರುದ್ರಾಣಿ?"

ರುದ್ರಾಣಿ ತಿರುಗಿ ಪರದೆಯನ್ನು ಒಮ್ಮೆ ಅಳೆಯುವಂತೆ ನೋಡಿದಳು.

"ಮೂಗಿನಿಂದ ಕೆಳಗೆ, ಸರ್."